ಇಳಕಲ್ ಸೆರಗಿನ ಹಿಂದೆ ನಾಡಿಯ ಬೆಳಕು: ಕಟ್ಟುವ ಕ್ರಮ, ಕೆಡುವ ಕಾರಣ

ಬೆರಳಿಟ್ಟರೆ ನಾಡಿಯ ಪ್ರತಿ ಬಡಿತಕ್ಕೂ ಇಳಕಲ್ ಸೆರಗಿನ ಬಿಳಿ ತೆನೆಗಳು ಎದ್ದು ಕಾಣಬೇಕು, ಎರಡು ಬಡಿತಗಳ ನಡುವೆ ಕೆಂಪಿನಲ್ಲಿ ಕರಗಬೇಕು. ಕಲಾಕೃತಿ ಇಷ್ಟೇ. ಗೋಡೆಯ ಮೇಲೆ 90 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಚೌಕಟ್ಟು, ಅದರ ಮುಂದೆ ಸೊಂಟದ ಎತ್ತರಕ್ಕೆ ಬೆರಳಿಡುವ ಒಂದು ಗೂಡು. ಬೆಳಗಾವಿಯಲ್ಲಿ ಚಿತ್ರಕಲೆ ಕಲಿಸುತ್ತ, ನೇಕಾರರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರ ಜೊತೆ ಸೇರಿ ನಾನು ಮಾಡುವ ಕೆಲಸಗಳಲ್ಲಿ ಹೆಚ್ಚು ಜನ ವಿಚಾರಿಸುವುದು ಇದನ್ನೇ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಡುವಂತೆ ಇದನ್ನು ಕಟ್ಟುವ ಕ್ರಮ, ಎಲ್ಲೆಲ್ಲಿ ಕೈಕೊಡುತ್ತದೆ, ಕಾಗದಪತ್ರ ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾಡಿಗೆ ಬೆಳಕು ಮಿಡಿಸುವುದು ಹೊಸ ಸಂಗತಿಯಲ್ಲ. ಮೆಕ್ಸಿಕೋ ಮೂಲದ ಕೆನಡಾ ಕಲಾವಿದ ರಫಾಯೆಲ್ ಲೊಜಾನೊ-ಹೆಮ್ಮರ್ 2006ರಲ್ಲೇ ಒಂದಿಡೀ ಕೋಣೆಯ ಬಲ್ಬುಗಳನ್ನು ನೋಡುಗರ ನಾಡಿಗೆ ಮಿಡಿಸಿದ್ದಾರೆ. ಆದ್ದರಿಂದ ಕಲ್ಪನೆಯ ಬಲದ ಮೇಲೆ ಯಾರೂ ಮಣೆ ಹಾಕುವುದಿಲ್ಲ. ಇಲ್ಲಿ ಹೊಸತೇನಾದರೂ ಇದ್ದರೆ ಅದು ಬಟ್ಟೆಯಲ್ಲಿದೆ. ಹಾಗಾಗಿ ಬಟ್ಟೆಯಿಂದಲೇ ಶುರು ಮಾಡಬೇಕು. ಸರ್ಕ್ಯೂಟ್ ಮಾಡಿಟ್ಟುಕೊಂಡು ಆಮೇಲೆ ಮೇಲೊಂದು ಬಟ್ಟೆ ಹೊದಿಸಿದ ಕೃತಿಗಳು ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತವೆ.

ಬಟ್ಟೆ ಮೊದಲು

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಗಾಢ ಬಣ್ಣದ ಒಡಲು ಬೆಳಕನ್ನು ಅಷ್ಟಾಗಿ ದಾಟಗೊಡುವುದಿಲ್ಲ. ನಮಗೆ ಬೇಕಾದದ್ದು ಟೋಪ ತೆನಿ ಸೆರಗು: ಕೆಂಪು ನೆಲ, ಅದರಲ್ಲಿ ಬಿಳಿಯ ತೆನೆ, ಹಣಿಗೆ, ಕೋಟೆಯ ಗೆರೆ. ಕೆಂಪು ನೂಲು ಕೆಂಪು ಬೆಳಕನ್ನು ಮಾತ್ರ ಬಿಟ್ಟು ಹಸಿರು, ನೀಲಿಯನ್ನು ನುಂಗುತ್ತದೆ. ಬಿಳಿ ನೂಲು ಎಲ್ಲವನ್ನೂ ಬಿಡುತ್ತದೆ. ಸೆರಗಿನ ಹಿಂದೆ ಬರೀ ಕೆಂಪು ಎಲ್‌ಇಡಿ ಹೊತ್ತಿಸಿದರೆ ನೆಲವೂ ಕೆಂಪು, ತೆನೆಯೂ ಕೆಂಪು, ಚಿತ್ತಾರ ಹೆಚ್ಚುಕಡಿಮೆ ಮಾಯ. ಅದೇ ಬೆಳಕಿಗೆ ಹಸಿರು, ನೀಲಿ ಸೇರಿಸುತ್ತ ಹೋದರೆ ನೆಲ ಕೆಂಪಾಗಿಯೇ ಉಳಿಯುತ್ತದೆ, ತೆನೆಗಳು ಮಾತ್ರ ಬೆಳ್ಳಗೆ ಮೇಲೇಳುತ್ತವೆ. ಇಡೀ ಕೃತಿ ನಿಂತಿರುವುದು ಈ ಒಂದು ಗುಣದ ಮೇಲೆ: ಕೆಂಪು ಸದಾ ಉರಿಯುತ್ತಿರುತ್ತದೆ, ನಾಡಿ ಕುಣಿಸುವುದು ಹಸಿರು ಮತ್ತು ನೀಲಿಯನ್ನು ಮಾತ್ರ.

ಎಲ್ಲ ಸೆರಗೂ ಇದಕ್ಕೆ ಒಗ್ಗುವುದಿಲ್ಲ. ಅಂಗಡಿಯಲ್ಲೇ, ಮಗ್ಗದ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಎರಡು ಚಿತ್ರ ಇಟ್ಟುಕೊಂಡಿರಬೇಕು, ಒಂದು ಅಪ್ಪಟ ಕೆಂಪು, ಇನ್ನೊಂದು ಅಪ್ಪಟ ಬಿಳಿ. ಪರದೆಯ ಹೊಳಪು ಪೂರ್ತಿ ಏರಿಸಿ ಸೆರಗಿನ ಹಿಂದೆ ಹಿಡಿದು, ಕತ್ತಲು ಮಾಡಿ ನೋಡಿ. ಕೆಂಪಿಗೆ ಚಿತ್ತಾರ ಅಡಗಿ ಬಿಳಿಗೆ ಎದ್ದರೆ ಬಟ್ಟೆ ಪಾಸು. ಕೆಂಪಿನಲ್ಲೂ ತೆನೆ ಕಪ್ಪು ನೆರಳಾಗಿ ಕಂಡರೆ ಆ ಭಾಗದಲ್ಲಿ ನೂಲು ದಟ್ಟವಾಗಿದೆ ಎಂದರ್ಥ; ಸ್ವಲ್ಪ ನೆರಳಿದ್ದರೆ ನಡೆಯುತ್ತದೆ, ಹೆಚ್ಚಿದ್ದರೆ ಬೇಡ. ಬಿಳಿಯಲ್ಲೂ ತೆನೆ ಗುಲಾಬಿಯಾಗಿಯೇ ಉಳಿದರೆ ಕೆಂಪು ಎಳೆ ಅಲ್ಲಿಗೂ ಬಂದಿದೆ. ಮೆರೂನ್ ಬಣ್ಣದ ಸೆರಗು ನೋಡಲು ಚೆಂದ, ಆದರೆ ಕೆಂಪನ್ನೂ ಅರ್ಧ ನುಂಗುತ್ತದೆ.

ಗುಳೇದಗುಡ್ಡದ ಖಣದಲ್ಲಿ ಇದನ್ನು ಮಾಡಬಹುದೇ ಎಂದು ಕೇಳುವವರಿದ್ದಾರೆ. ನೆಲ ಒಂದೇ ಬಣ್ಣ, ಬುಟ್ಟಾ (ನೇಯ್ದ ಚಿಕ್ಕ ಚಿತ್ತಾರ) ಬೇರೆ ಬಣ್ಣ ಇರುವ ಖಣದಲ್ಲಿ ಆಗುತ್ತದೆ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣವಾಗಿ ನೆಲವೇ ಮಿಶ್ರವಾಗಿರುವ ಖಣದಲ್ಲಿ ಆಗದು, ಯಾವ ಬೆಳಕು ಹಾಕಿದರೂ ಮಂಕು. ಕುಪ್ಪಸಕ್ಕೆಂದೇ ನೇಯುವುದರಿಂದ ಅಗಲವೂ ಕಡಿಮೆ. ಚೌಕಟ್ಟನ್ನು ಬಟ್ಟೆಗೆ ತಕ್ಕಂತೆ ಇಳಿಸಬೇಕು, ಎರಡು ಖಣ ಕೂಡಿಸಿ ಹೊಲಿಯಬಾರದು. ಹೊಲಿಗೆಯ ಗೆರೆ ಹಿಂಬೆಳಕಿಗೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಹೊಕ್ಕಿನಲ್ಲಿ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ ಹಾಕಿ ನೇಯಿಸುವ ದಾರಿಯೂ ಇದೆ. ಕೈಮಗ್ಗದಲ್ಲಿ ಸಾಧ್ಯ, ಆದರೆ ದಡಿಯ ಬಳಿ ಫೈಬರ್ ಹಿಂತಿರುಗುವಾಗ ಬಗ್ಗಿ ಮುರಿಯುತ್ತದೆ. ಪ್ರತಿ ಎಳೆಯನ್ನೂ ಕತ್ತರಿಸಿ ಹೊರಗೆ ಬಿಡಬೇಕು, ಅಂದರೆ ನೇಕಾರರ ಲಾಳಿ ಓಡುವುದೇ ಇಲ್ಲ. ಇಸ್ತ್ರಿ ತಾಗಿದರೆ ಕರಗುತ್ತದೆ. ಹೊಟ್ಟೆಪಾಡಿನ ಮಗ್ಗವನ್ನು ಅದಕ್ಕಾಗಿ ತಡೆಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಹೊಸ ಸೀರೆ ಕೊಂಡು ಸೆರಗು ಕತ್ತರಿಸುವ ಬದಲು ಸೆರಗಿನ ಭಾಗವನ್ನೇ ನೇಯಿಸಿಕೊಳ್ಳಿ. ಹಾಸು ಹೂಡುವ ಶ್ರಮ ಒಂದಕ್ಕೂ ಅಷ್ಟೇ, ನಾಲ್ಕಕ್ಕೂ ಅಷ್ಟೇ; ಹಾಗಾಗಿ ಮೂರು ನಾಲ್ಕು ತುಂಡಿಗೆ ಒಟ್ಟಿಗೆ ಹೇಳುವುದು ಇಬ್ಬರಿಗೂ ಲಾಭ. ಬಟ್ಟೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಬಿಗಿಯಬೇಡಿ. ಬೆಳಗಾವಿಯ ಮಳೆಗಾಲದ ತೇವಕ್ಕೆ ಜೋತು ಬೀಳುತ್ತದೆ, ವಿಜಯಪುರದ ಬೇಸಿಗೆಗೆ ಸೆಳೆದುಕೊಂಡು ಮೊಳೆಯ ಹತ್ತಿರ ಎಳೆ ಬಿಡುತ್ತದೆ. ಮೇಲೆ ಕೆಳಗೆ ಮಡಿಚಿ ಹೊಲಿದು, ಅದರೊಳಗೆ ಒಂದೊಂದು ಅಲ್ಯೂಮಿನಿಯಂ ಕೋಲು ತೂರಿಸಿ. ಮೇಲಿನ ಕೋಲು ಚೌಕಟ್ಟಿಗೆ, ಕೆಳಗಿನದು ತನ್ನ ತೂಕಕ್ಕೆ ತಾನೇ ಇಳಿಬಿದ್ದಿರಲಿ. ಹವೆ ಹೇಗೇ ಇದ್ದರೂ ಬಟ್ಟೆ ಸಮ ನಿಲ್ಲುತ್ತದೆ.

ಬೆಳಕು

ಪ್ರತಿ ದೀಪದ ಬಣ್ಣವನ್ನೂ ಪ್ರೋಗ್ರಾಂನಿಂದ ಬದಲಿಸಬಹುದಾದ ಡಬ್ಲ್ಯೂಎಸ್2812ಬಿ ಎಂಬ 5 ವೋಲ್ಟ್ ಎಲ್‌ಇಡಿ ಪಟ್ಟಿ ಸಾಕು. ಮೀಟರಿಗೆ 30 ಎಲ್‌ಇಡಿ ಇರುವುದು, ಅಂದರೆ ಒಂದರಿಂದ ಒಂದಕ್ಕೆ ಸುಮಾರು 33 ಮಿ.ಮೀ. 90 ಸೆಂ.ಮೀ.ಗೆ 27 ಎಲ್‌ಇಡಿ; ಸಾಲಿನಿಂದ ಸಾಲಿಗೂ 33 ಮಿ.ಮೀ. ಇಟ್ಟರೆ 60 ಸೆಂ.ಮೀ. ಎತ್ತರಕ್ಕೆ 18 ಸಾಲು. ಒಟ್ಟು 486. ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣದಿರಬೇಕಾದರೆ ಎಲ್‌ಇಡಿಗೂ ಬಟ್ಟೆಗೂ ನಡುವಿನ ದೂರ ಈ 33 ಮಿ.ಮೀ.ನ ಒಂದೂವರೆಯಿಂದ ಎರಡು ಪಟ್ಟು ಇರಬೇಕು, ಅಂದರೆ 50ರಿಂದ 65 ಮಿ.ಮೀ. ಬಟ್ಟೆಗೆ 10 ಮಿ.ಮೀ. ಹಿಂದೆ 2 ಮಿ.ಮೀ. ದಪ್ಪದ ಹಾಲುಬಣ್ಣದ ಅಕ್ರಿಲಿಕ್ ಹಾಳೆ. ಹಾಳೆ ಬಟ್ಟೆಗೆ ತಾಗಿದರೆ ತಾಗಿದ ಕಡೆ ಒದ್ದೆಯಾದಂತೆ ಕಲೆ ಕಾಣುತ್ತದೆ.

ಒಂದು ಎಲ್‌ಇಡಿ ಪೂರ್ತಿ ಬಿಳಿಯಾಗಿ ಉರಿದರೆ 60 ಮಿಲಿಆಂಪಿಯರ್ ಎಳೆಯುತ್ತದೆ. 486ಕ್ಕೆ 29 ಆಂಪಿಯರ್ ದಾಟುತ್ತದೆ. ಅಷ್ಟು ಬೆಳಕು ಬೇಡವೇ ಬೇಡ. ಪ್ರೋಗ್ರಾಂನಲ್ಲಿ ಹೊಳಪನ್ನು ಶೇ. 25ಕ್ಕೆ ಕಟ್ಟಿಹಾಕಿದರೆ 7–8 ಆಂಪಿಯರ್‌ನಲ್ಲಿ ಮುಗಿಯುತ್ತದೆ. ಆದರೂ ವಿದ್ಯುತ್ ಪೂರೈಕೆಗೆ 5 ವೋಲ್ಟ್, 20 ಆಂಪಿಯರ್‌ನ ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು ಕಡಿಮೆ ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ) ಹಾಕಿ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ, ಉತ್ತರ ಕರ್ನಾಟಕದ ಏಪ್ರಿಲ್ ತಿಂಗಳಲ್ಲಿ, ಅರ್ಧ ಹೊರೆಯಲ್ಲಿ ಓಡುವ ಎಸ್‌ಎಂಪಿಎಸ್ ಮಾತ್ರ ಬಾಳುತ್ತದೆ. ಅದನ್ನು ಬಟ್ಟೆಯ ಹಿಂದೆ ಇಡದೆ ಚೌಕಟ್ಟಿನ ಕೆಳಗೆ, ಗಾಳಿಯಾಡುವ ಲೋಹದ ಪೆಟ್ಟಿಗೆಯಲ್ಲಿ ಇಡಬೇಕು. ಮುಖ್ಯ ತಂತಿಯಲ್ಲಿ 10 ಆಂಪಿಯರ್ ಫ್ಯೂಸ್. ಪಟ್ಟಿ ಅಂಟಿಸುವ ಹಿಂಬದಿ ಪ್ಲೈವುಡ್ ಆಗದೆ ಅಲ್ಯೂಮಿನಿಯಂ ತಗಡು ಆಗಿರಲಿ.

ಒಂದೇ ತುದಿಯಿಂದ ವಿದ್ಯುತ್ ಕೊಟ್ಟರೆ ದೂರದ ಎಲ್‌ಇಡಿಗಳಿಗೆ ವೋಲ್ಟೇಜ್ ಕುಸಿಯುತ್ತದೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಆಸುಪಾಸು ಸಾಕು, ಹಸಿರು ನೀಲಿಗೆ 3ರ ಹತ್ತಿರ ಬೇಕು. ಹಾಗಾಗಿ ಮೊದಲು ಸೋಲುವುದು ನೀಲಿ ಮತ್ತು ಹಸಿರು. ಬೇರೆ ಕೃತಿಯಾದರೆ ತುದಿ ಸ್ವಲ್ಪ ಕೆಂಪಾಯಿತು ಎಂದು ಬಿಡಬಹುದು. ಇಲ್ಲಿ ನಾಡಿ ಕಾಣುವುದೇ ಅವೆರಡರಲ್ಲಿ, ಆದ್ದರಿಂದ ಚೌಕಟ್ಟಿನ ಒಂದು ಬದಿಯಲ್ಲಿ ತೆನೆಗಳೇ ಏಳುವುದಿಲ್ಲ. ಮನೆ ವೈರಿಂಗಿಗೆ ಬಳಸುವ 2.5 ಚದರ ಮಿ.ಮೀ. ತಂತಿಯನ್ನು ಎಡಬಲ ಎರಡೂ ಕಡೆ ಮೇಲಿಂದ ಕೆಳಗೆ ಎಳೆದು, ಪ್ರತಿ ಮೂರು ಸಾಲಿಗೊಮ್ಮೆ ಪಟ್ಟಿಗೆ ಬೆಸುಗೆ ಹಾಕಿ.

ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ವಿದ್ಯುತ್ ಪ್ರವೇಶದಲ್ಲಿ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಎಂಬುದು ಎಲ್ಲರೂ ಬರೆಯುವ ಮಾತು. ಕೃತಿಯನ್ನು ನಡೆಸುವ ಇಎಸ್‌ಪಿ32 ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡು ಕೊಡುವ ಸಂಕೇತ 3.3 ವೋಲ್ಟ್, 5 ವೋಲ್ಟ್‌ನಲ್ಲಿ ಓಡುವ ಎಲ್‌ಇಡಿ ಕೇಳುವುದು ಕನಿಷ್ಠ 3.5 ವೋಲ್ಟ್ ಎಂಬುದನ್ನು ಮಾತ್ರ ಬಹಳ ಜನ ಬಿಡುತ್ತಾರೆ. ಮೇಜಿನ ಮೇಲೆ ಗಿಡ್ಡ ತಂತಿಯಲ್ಲಿ ಓಡುತ್ತದೆ, ಆಸ್ಪತ್ರೆಯ ಗೋಡೆಯ ಮೇಲೆ ಹುಚ್ಚುಹುಚ್ಚಾಗಿ ಮಿನುಗುತ್ತದೆ. ನಡುವೆ ಸಂಕೇತವನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿದರೆ ಆ ರಗಳೆ ಇಲ್ಲ.

ಕಲಿಯುವವರು ಹೆಚ್ಚಾಗಿ ಬಳಸುವ ಆರ್ಡುಯಿನೊ ಊನೊ ಬೋರ್ಡು ಇದಕ್ಕೆ ಬೇಡ. 486 ಎಲ್‌ಇಡಿಗೆ 1458 ಬೈಟ್ ಸ್ಮರಣೆ (ಮೆಮೊರಿ) ಬೇಕು, ಅದರಲ್ಲಿರುವುದೇ 2048. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಒಂದು ಸಲ ಪೂರ್ತಿ ಚೌಕಟ್ಟಿಗೆ ಬಣ್ಣ ಕಳಿಸಲು ಸುಮಾರು 15 ಮಿಲಿಸೆಕೆಂಡ್ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಊನೊ ತನ್ನ ಗಡಿಯಾರವನ್ನೂ ನಿಲ್ಲಿಸಿಬಿಡುತ್ತದೆ. ಬಡಿತಗಳ ಅಂತರ ಅಳೆಯುವ ಯಂತ್ರದ ಗಡಿಯಾರವೇ ಹಿಂದೆ ಬಿದ್ದರೆ ನಾಡಿ ಇದ್ದದ್ದಕ್ಕಿಂತ ಚುರುಕಾಗಿ ಲೆಕ್ಕಕ್ಕೆ ಬರುತ್ತದೆ.

ನಾಡಿ ಹಿಡಿಯುವುದು

ಬೆರಳಿನ ತುದಿಗೆ ಬೆಳಕು ಹಾಯಿಸಿದರೆ, ಬಡಿತಕ್ಕೊಮ್ಮೆ ರಕ್ತ ನುಗ್ಗಿದಾಗ ಹೆಚ್ಚು ಬೆಳಕು ಹೀರಿಕೊಳ್ಳುತ್ತದೆ, ಮರಳಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಆ ತುಸು ಎಂದರೆ ಒಟ್ಟು ಬೆಳಕಿನ ಶೇ. 1–2 ಮಾತ್ರ. ಮ್ಯಾಕ್ಸ್30102 ಎಂಬ ಸಂವೇದಕದಲ್ಲಿ (ಸೆನ್ಸರ್) 660 ನ್ಯಾನೊಮೀಟರ್ ಕೆಂಪು, 880 ನ್ಯಾನೊಮೀಟರ್ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್), ಎರಡೂ ಎಲ್‌ಇಡಿ ಇವೆ. ನಾನು ಅವಕೆಂಪನ್ನು ಮಾತ್ರ ಬಳಸುತ್ತೇನೆ. ಕಪ್ಪು ಚರ್ಮ ಅವಕೆಂಪನ್ನು ಕಡಿಮೆ ಹೀರುತ್ತದೆ. ಕೈಗಡಿಯಾರಗಳ ಹಸಿರು ಬೆಳಕು ಕಬ್ಬಿನ ಗದ್ದೆಯಲ್ಲಿ ದುಡಿದ ಕೈಗೆ ಕಷ್ಟಪಡುತ್ತದೆ.

ಈ ಸಂವೇದಕದ ಅಗ್ಗದ ಕೆಲವು ಬೋರ್ಡುಗಳಲ್ಲಿ ಸಂಕೇತದ ತಂತಿಗಳನ್ನು ಎತ್ತಿ ಹಿಡಿಯುವ ಪುಲ್-ಅಪ್ ರೆಸಿಸ್ಟರ್‌ಗಳನ್ನು 1.8 ವೋಲ್ಟ್‌ಗೆ ಕಟ್ಟಿರುತ್ತಾರೆ. ಆ ಬೋರ್ಡು ಇಎಸ್‌ಪಿ32ಕ್ಕೆ ಕಾಣುವುದೇ ಇಲ್ಲ, ಇಲ್ಲವೇ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತದೆ. ಕೊಂಡ ಕೂಡಲೇ ಮೀಟರ್ ಇಟ್ಟು ಎಸ್‌ಡಿಎ, ಎಸ್‌ಸಿಎಲ್ ಎಂದು ಬರೆದಿರುವ ಸಂಕೇತದ ಕಾಲುಗಳಲ್ಲಿ 3.3 ವೋಲ್ಟ್ ಇದೆಯೇ ನೋಡಿಕೊಳ್ಳಿ. ಸಂವೇದಕದಿಂದ ಇಎಸ್‌ಪಿ32ಗೆ ತಂತಿ ಅರ್ಧ ಮೀಟರ್ ಮೀರದಿರಲಿ. ಬೆರಳಿನ ಗೂಡಿನೊಳಗೇ ಇಎಸ್‌ಪಿ32 ಇಟ್ಟು ಎಲ್‌ಇಡಿಗೆ ಹೋಗುವ ತಂತಿಯನ್ನು ಉದ್ದ ಮಾಡುವುದು ವಾಸಿ.

ಸೆಕೆಂಡಿಗೆ 100 ಮಾದರಿ, ಅಂದರೆ 100 ಓದು, ತೆಗೆದುಕೊಳ್ಳಿ. ಸಂವೇದಕದೊಳಗೆ 32 ಮಾದರಿ ಹಿಡಿಯುವ ಸಂಗ್ರಹ ಇದೆ, ಅಂದರೆ ಮೂರನೇ ಒಂದು ಸೆಕೆಂಡ್ ತಡವಾಗಿ ಹೋದರೂ ಏನೂ ಕಳೆದುಹೋಗುವುದಿಲ್ಲ. ಎಲ್‌ಇಡಿ ಕರೆಂಟನ್ನು 6 ಮಿಲಿಆಂಪಿಯರ್‌ನಿಂದ ಶುರು ಮಾಡಿ, ಬೆರಳಿಟ್ಟ ಮೇಲೆ ಓದು 1,00,000ದ ಆಸುಪಾಸು ಬರುವ ತನಕ ಮೆಲ್ಲಗೆ ಏರಿಸುವಂತೆ ಬರೆಯಿರಿ. ಗರಿಷ್ಠ ಓದು 2,62,143. 50,000ಕ್ಕಿಂತ ಕೆಳಗಿದ್ದರೆ ಬೆರಳಿಲ್ಲ ಎಂದುಕೊಳ್ಳಬಹುದು, ಆದರೆ ಈ ಗಡಿ ನಿಮ್ಮ ಗೂಡಿಗೆ ತಕ್ಕಂತೆ ಬದಲಾಗುತ್ತದೆ. ಓದನ್ನು ತಲೆಕೆಳಗು ಮಾಡಿ, ಏಕೆಂದರೆ ರಕ್ತ ಬಂದಾಗ ಇಳಿಯುತ್ತದೆ. 0.5ರಿಂದ 4 ಹರ್ಟ್ಸ್ ನಡುವಿನದನ್ನು ಉಳಿಸಿ ಉಳಿದದ್ದನ್ನು ಸೋಸಿ. ಪ್ರತಿ ಅಲೆಯ ಇಳಿಜಾರಿನಲ್ಲಿ ಇನ್ನೊಂದು ಚಿಕ್ಕ ಉಬ್ಬು ಇರುತ್ತದೆ. ಯುವಕರಲ್ಲಿ ಅದು ಎದ್ದು ಕಾಣುತ್ತದೆ, ಎರಡನೇ ಬಡಿತವೆಂದು ಲೆಕ್ಕ ತಪ್ಪಿಸುತ್ತದೆ. ಒಂದು ಬಡಿತ ಹಿಡಿದ ಮೇಲೆ 350 ಮಿಲಿಸೆಕೆಂಡ್ ಪ್ರೋಗ್ರಾಂ ಕಣ್ಣು ಮುಚ್ಚಿಕೊಂಡರೆ ಆ ತೊಂದರೆ ಹೆಚ್ಚಿನಂಶ ಹೋಗುತ್ತದೆ.

ಸಂಕೇತವನ್ನು ನೇರವಾಗಿ ಕೊಡುವ ಅನಲಾಗ್ ನಾಡಿ ಸಂವೇದಕ ಬಳಸುವವರು ಒಂದು ವಿಚಿತ್ರ ನೋಡುತ್ತಾರೆ: ಬೆರಳಿಡದಿದ್ದರೂ ನಾಡಿ! ನಮ್ಮ ವಿದ್ಯುತ್ 50 ಹರ್ಟ್ಸ್, ಟ್ಯೂಬ್‌ಲೈಟ್ ಮಿನುಗುವುದು ಸೆಕೆಂಡಿಗೆ 100 ಸಲ. ಪ್ರೋಗ್ರಾಂನಲ್ಲಿ 10 ಮಿಲಿಸೆಕೆಂಡ್ ಕಾಯುವ ಸಾಲು ಬರೆದರೆ, ಉಳಿದ ಕೆಲಸದ ಹೊತ್ತು ಸೇರಿ ಮಾದರಿಗಳು ಸೆಕೆಂಡಿಗೆ 100ರ ಬದಲು 99 ಆಗುತ್ತವೆ. 100 ಮತ್ತು 99ರ ವ್ಯತ್ಯಾಸ ಸೆಕೆಂಡಿಗೆ ಒಂದು. ಅದು ನಿಮಿಷಕ್ಕೆ 60ರ ಅಚ್ಚುಕಟ್ಟಾದ ನಾಡಿಯಾಗಿ ಕಾಣುತ್ತದೆ. ಅನುಮಾನ ಬಂದರೆ ಟ್ಯೂಬ್‌ಲೈಟ್ ಆರಿಸಿ ನೋಡಿ. ಮಾದರಿ ತೆಗೆಯಲು ಯಂತ್ರದ ಟೈಮರ್ ಬಳಸಿದರೆ ಇದು ಬರುವುದಿಲ್ಲ. ಮ್ಯಾಕ್ಸ್30102 ಹೊರಬೆಳಕನ್ನು ತಾನೇ ಕಳೆಯುತ್ತದೆ, ಆದರೆ ಕಿಟಕಿಯ ನೇರ ಬಿಸಿಲಿಗೆ ಅದೂ ಸೋಲುತ್ತದೆ.

ನಾಡಿ ಸಿಗದಿರುವುದಕ್ಕೆ ಮುಖ್ಯ ಕಾರಣ ಬೆರಳು ಒತ್ತುವುದು. ಯಂತ್ರ ಕಂಡರೆ ಜನ ಹೆಬ್ಬೆಟ್ಟು ಹಾಕಿದ ಹಾಗೆ ಒತ್ತುತ್ತಾರೆ. ಸಣ್ಣ ರಕ್ತನಾಳಗಳು ಚಪ್ಪಟೆಯಾಗಿ ಅಲೆಯೇ ಇಲ್ಲದಾಗುತ್ತದೆ. ಗೂಡು ಬೆರಳಿನ ಮಧ್ಯದ ಗೆಣ್ಣನ್ನು ಹೊರುವಂತಿರಬೇಕು, ತುದಿ ಸಂವೇದಕದ ಮೇಲೆ ಸುಮ್ಮನೆ ಮಲಗಬೇಕು. ಅಗಲ 18 ಮಿ.ಮೀ. ಇದ್ದರೆ ಹೆಚ್ಚು ಜನರಿಗೆ ಹೊಂದುತ್ತದೆ. ಎರಡನೆಯ ಕಾರಣ ತಣ್ಣನೆ ಕೈ, ಡಿಸೆಂಬರ್ ಬೆಳಗ್ಗೆಯಂತೂ ಕೇಳುವುದೇ ಬೇಡ. ಎರಡೂ ಅಂಗೈ ತಿಕ್ಕಿಕೊಂಡು ಇಡಲು ಹೇಳಿದರೆ ಸಾಕು. ಮೂರನೆಯದು ಮದರಂಗಿ. ಮದುವೆ, ರಮಜಾನ್, ಪಂಚಮಿ ದಿನಗಳಲ್ಲಿ ಬೆರಳ ತುದಿಗಳೇ ಕಡುಗೆಂಪು, ಕೆಲವೊಮ್ಮೆ ಕಪ್ಪು. ಅಂಥವರಿಗೆ ಬಣ್ಣವಿಲ್ಲದ ಕಿರುಬೆರಳು ಅಥವಾ ಬೆರಳಿನ ಮಧ್ಯಭಾಗ. ಉಗುರುಬಣ್ಣದಿಂದ ಇಲ್ಲಿ ತೊಂದರೆಯಿಲ್ಲ, ಏಕೆಂದರೆ ಬೆಳಕು ಹೋಗಿ ಬರುವುದು ಉಗುರಿನ ಕಡೆಯಿಂದಲ್ಲ. ಮಗ್ಗದಲ್ಲಿ, ಗದ್ದೆಯಲ್ಲಿ ಗಟ್ಟಿಯಾದ ಬೆರಳುಗಳಿಗೆ ಉಂಗುರದ ಬೆರಳು ವಾಸಿ.

ಹೃದಯ ಬಡಿದ ಅಲೆ ಬೆರಳಿಗೆ ಮುಟ್ಟುವುದರಲ್ಲಿ ಸುಮಾರು 200 ಮಿಲಿಸೆಕೆಂಡ್ ಕಳೆದಿರುತ್ತದೆ, ಸೋಸುವುದರಲ್ಲಿ ಇನ್ನಷ್ಟು. ಇನ್ನೊಂದು ಕೈಯಲ್ಲಿ ಕೊರಳಿನ ನಾಡಿ ಹಿಡಿದು ನೋಡುವವರಿಗೆ ಬೆಳಕು ತಡವಾದದ್ದು ಗೊತ್ತಾಗುತ್ತದೆ. ಹಿಂದಿನ ಐದು ಅಂತರಗಳಲ್ಲಿ ನಡುವಿನದನ್ನು ತೆಗೆದುಕೊಂಡು, ಮುಂದಿನ ಬಡಿತ ಯಾವಾಗ ಎಂದು ಊಹಿಸಿ, ಅಷ್ಟು ಮೊದಲೇ ಬೆಳಕು ಏರಿಸಲು ಶುರು ಮಾಡಬೇಕು. ನಡುವಿನ ಅಂತರಕ್ಕಿಂತ ಶೇ. 25ಕ್ಕೂ ಹೆಚ್ಚು ಆಚೀಚೆ ಆದದ್ದನ್ನು ಬಿಟ್ಟುಬಿಡಿ. ಅದು ಬಹುಪಾಲು ಬೆರಳು ಅಲುಗಿದ್ದು.

ಬೆಳಕಿನ ಏರಿಳಿತ ಹೀಗಿರಲಿ: ಹಸಿರು-ನೀಲಿ 150 ಮಿಲಿಸೆಕೆಂಡ್‌ನಲ್ಲಿ ಏರಿ, 450ರಲ್ಲಿ ಇಳಿಯಬೇಕು. ಅಂಕೆಗಳನ್ನು ಸಮವಾಗಿ ಏರಿಸಿದರೆ ಕಣ್ಣಿಗೆ ಮೊದಲರ್ಧದಲ್ಲೇ ಎಲ್ಲಾ ಮುಗಿದಂತೆ ಕಾಣುತ್ತದೆ, ಆದ್ದರಿಂದ 2.2ರ ಘಾತದಲ್ಲಿ ತಿದ್ದಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದು ಎಂಬುದು ಅಪಸ್ಮಾರ ಇರುವವರ ಸುರಕ್ಷತೆಗಾಗಿ ವೆಬ್ ಪುಟಗಳಿಗೇ ಇರುವ ನಿಯಮ. ಕಡುಗೆಂಪಿನ ಮಿನುಗು ಇನ್ನೂ ಅಪಾಯ. ನಮ್ಮಲ್ಲಿ ತೆನೆಗಳು ಕೆಂಪಿನಿಂದ ಬಿಳಿಗೆ ಹೋಗಿ ಮರಳುವುದರಿಂದ ಈ ಮಿತಿಯನ್ನು ಮೀರುವಂತಿಲ್ಲ. ಬಡಿತಗಳ ಅಂತರ 400 ಮಿಲಿಸೆಕೆಂಡ್‌ಗಿಂತ ಕಡಿಮೆಯಾದರೆ ಒಂದು ಬಿಟ್ಟು ಒಂದಕ್ಕೆ ಮಾತ್ರ ಬೆಳಕು ಏರಲಿ. ಚೌಕಟ್ಟಿನ ಮೇಲೆ ಬೀಳುವ ಕೋಣೆಯ ಬೆಳಕು 50 ಲಕ್ಸ್‌ಗಿಂತ ಕಡಿಮೆ ಇರಬೇಕು, ಇಲ್ಲವಾದರೆ ಹೊರಬೆಳಕಿಗೇ ತೆನೆ ಕಂಡು ಆಟ ಕೆಡುತ್ತದೆ. ಮೇಲೆ 30 ಸೆಂ.ಮೀ. ಮುಂಚಾಚಿದ ಕಪ್ಪು ಛಾವಣಿ ಹಾಕಿ, ಎದುರಿನ ಟ್ಯೂಬ್‌ಲೈಟ್ ಒಂದನ್ನು ತೆಗೆಸಿದರೆ ಸಾಕಾಗುತ್ತದೆ.

ಆಸ್ಪತ್ರೆಯೊಳಗೆ

ಗ್ಯಾಲರಿಗೂ ಆಸ್ಪತ್ರೆಗೂ ಮೊದಲ ವ್ಯತ್ಯಾಸ ಸ್ಪಿರಿಟ್ ಬಟ್ಟೆ. ಪ್ರತಿಯೊಬ್ಬರ ಬೆರಳಿನ ನಂತರ ಗೂಡನ್ನು ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುತ್ತಾರೆ, ಒರೆಸಲೇಬೇಕು. ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಗೂಡು ಇದಕ್ಕೆ ತಡೆಯುವುದಿಲ್ಲ. ಲೇಸರ್ ಹಾಯ್ದ ಅಂಚಿನಲ್ಲಿ ಬಿಗುವು ಉಳಿದಿರುತ್ತದೆ, ಆಲ್ಕೋಹಾಲ್ ತಾಗಿದಂತೆ ಅಲ್ಲಿಂದ ಕೂದಲೆಳೆಯ ಬಿರುಕುಗಳು ಹರಡುತ್ತವೆ. ತ್ರೀಡಿ ಮುದ್ರಣದ ಗೂಡಿನ ಪದರಗಳ ಸಂದಿಯಲ್ಲಿ ಕೊಳೆ ಕೂರುತ್ತದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡಿನಿಂದ ಮಿಲ್ಲಿಂಗ್ ಮಾಡಿಸುವುದೇ (ಯಂತ್ರದಲ್ಲಿ ಕೊರೆಸುವುದೇ) ಸರಿ. ಬೆಳಗಾವಿಯ ಉದ್ಯಮಬಾಗದ ಯಾವುದೇ ಸಣ್ಣ ಮಷಿನ್ ಶಾಪ್‌ನಲ್ಲಿ ಒಂದೇ ಒಂದು ತುಂಡು ಮಾಡಿಕೊಡುವವರು ಸಿಗುತ್ತಾರೆ. ಚಿತ್ರ ಬರೆದುಕೊಂಡು ಹೋಗಿ, ಅಳತೆ ಮಿಲಿಮೀಟರ್‌ನಲ್ಲಿರಲಿ, ಮೂಲೆಗಳಿಗೆ 3 ಮಿ.ಮೀ. ದುಂಡು ಕೇಳಿ. ಅಲ್ಯೂಮಿನಿಯಂ ಆದರೆ ತಣ್ಣಗಿರುತ್ತದೆ, ನಾಡಿಯೇ ಹಿಂದೆ ಸರಿಯುತ್ತದೆ. ಸಂವೇದಕದ ಸುತ್ತಲಿನ ಬೆಸುಗೆಗೆ ಬೆವರು, ಆಲ್ಕೋಹಾಲ್ ಇಳಿಯದಂತೆ ಎಪಾಕ್ಸಿ ಅಂಟು ತುಂಬಿ, ಸಂವೇದಕದ ಕಣ್ಣಿನ ಮೇಲೆ ಮಾತ್ರ ಅದು ಬೀಳಬಾರದು. ರಕ್ಷಣೆಗೆಂದು ಸಂವೇದಕದ ಮೇಲೊಂದು ಗಾಜು ಕೂರಿಸಬೇಡಿ; ಬೆಳಕು ಬೆರಳಿಗೆ ಹೋಗದೆ ಗಾಜಿನೊಳಗೇ ಹಾಯ್ದು ಮರಳುತ್ತದೆ. ಬಟ್ಟೆಯನ್ನು ಒರೆಸಲಾಗದು, ಆದ್ದರಿಂದ ಅದರ ಮುಂದೆ ತೆಳು ಗಾಜು ಇದ್ದೇ ತೀರಬೇಕು.

ಜಾಗ: ನೋಂದಣಿ ಸಾಲಿನ ಪಕ್ಕ ಅಲ್ಲ, ಔಷಧ ಕೊಡುವ ಕಿಟಕಿಯ ಬಳಿ ಅಲ್ಲ. ಜನ ಕೂತು ಕಾಯುವ ಕಡೆ, ಸ್ಟ್ರೆಚರ್ ತಿರುಗುವ ಮೂಲೆಯಿಂದ ದೂರ. ಹಾಸಿಗೆಯಿಂದ ಒಂದೂವರೆ ಮೀಟರ್ ಒಳಗಿನ ಜಾಗ ವೈದ್ಯಕೀಯ ವಿದ್ಯುತ್ ಸುರಕ್ಷತೆಯ ಲೆಕ್ಕದಲ್ಲಿ ರೋಗಿಯ ವಲಯ, ಅಲ್ಲಿ ಇಂಥದ್ದಕ್ಕೆ ಪ್ರವೇಶವಿಲ್ಲ. ಹಚ್ಚುವ ಮುನ್ನ ಆಸ್ಪತ್ರೆಯ ಬಯೋಮೆಡಿಕಲ್ ಎಂಜಿನಿಯರ್ ಒಮ್ಮೆ ನೋಡಲಿ. ವೈಫೈ, ಬ್ಲೂಟೂತ್ ಪ್ರೋಗ್ರಾಂನಲ್ಲೇ ಬಂದ್ ಮಾಡಿ; ಯಾರ ನಾಡಿಯೂ ಎಲ್ಲಿಗೂ ಹೋಗುತ್ತಿಲ್ಲ ಎಂದು ಧೈರ್ಯವಾಗಿ ಹೇಳಲು ಅದು ಬೇಕು.

ಬೆರಳು ತೆಗೆದಾಗ, ಸಂಕೇತ ತಪ್ಪಿದಾಗ ಬೆಳಕು ಆರಲೇಬಾರದು. ಆಸ್ಪತ್ರೆಯಲ್ಲಿ, ಒಬ್ಬರ ಬೆರಳು ಇದ್ದಂತೆಯೇ ದೀಪ ಆರಿದರೆ ಪಕ್ಕದಲ್ಲಿ ನಿಂತವರ ಮುಖ ಏನಾಗುತ್ತದೆ ಎಂದು ಯೋಚಿಸಿದರೆ ಸಾಕು. ಎರಡು ಸೆಕೆಂಡ್ ನಾಡಿ ಸಿಗದಿದ್ದರೆ ಮೆಲ್ಲಗೆ ವಿಶ್ರಾಂತಿಯ ಲಯಕ್ಕೆ ಜಾರಬೇಕು: ಐದು ಸೆಕೆಂಡ್ ಏರು, ಐದು ಸೆಕೆಂಡ್ ಇಳಿವು. ನಿಮಿಷಕ್ಕೆ ಆರು ಉಸಿರಿನ ಈ ಲಯದಲ್ಲಿ ಹೃದಯಬಡಿತದ ಏರಿಳಿತ ದೊಡ್ಡದಾಗುತ್ತದೆ ಎಂದು ಶರೀರಕ್ರಿಯಾಶಾಸ್ತ್ರದವರು ತೋರಿಸಿದ್ದಾರೆ. ಕೂತವರು ತಾವಾಗಿ ಹೊಂದಿಕೊಂಡರೆ ಒಳ್ಳೆಯದೇ. "ಹೀಗೆ ಉಸಿರಾಡಿ" ಎಂದು ಬೋರ್ಡ್ ಹಾಕಬೇಡಿ. ಉಬ್ಬಸ ಇರುವವರಿಗೆ ಅದು ಹಿಂಸೆ.

ಮತ್ತು ಅಂಕಿ ತೋರಿಸಬೇಡಿ. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಬೆರಳಿಟ್ಟವರು ಕೇಳುವ ಮೊದಲ ಮಾತು "ನಂದೆಷ್ಟ್ ಬಂತ್ರೀ?", ಎರಡನೆಯದು "ಬಿಪಿ ಇದ್ರ ಗೊತ್ತಾಗ್ತದೇನ್ರೀ?" ಎಂಜಿನಿಯರಿಂಗ್ ಹುಡುಗರಿಗೆ ಮೂಲೆಯಲ್ಲೊಂದು ಸಣ್ಣ ಪರದೆ ಇಟ್ಟು 72 ಎಂದು ತೋರಿಸುವ ಆಸೆ. ಅಂಕಿ ಬಂದ ಕೂಡಲೇ ಜನ ಬಟ್ಟೆ ನೋಡುವುದನ್ನು ಬಿಟ್ಟು ಅಂಕಿ ನೋಡುತ್ತಾರೆ. 104 ಕಂಡವರು ಹೆದರುತ್ತಾರೆ. ನೆಟ್ಟಗಿದೆ ಎಂದುಕೊಂಡವರು ವೈದ್ಯರನ್ನು ಕಾಣದೆ ಮನೆಗೆ ಹೋಗಬಹುದು. ರೋಗ ಪತ್ತೆಗೆಂದು ಹೇಳಿಕೊಂಡರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಕಣ್ಣಿಗೂ ಬೀಳುತ್ತೀರಿ. ಆಮ್ಲಜನಕದ ಪ್ರಮಾಣವನ್ನಂತೂ ಮುಟ್ಟಲೇಬೇಡಿ. ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಕಪ್ಪು ಚರ್ಮದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುವುದುಂಟೆಂದು 2020ರಲ್ಲಿ ಅಮೆರಿಕದ ಅಧ್ಯಯನ ಹೇಳಿದೆ. ಬಡಿತ ಏರುಪೇರಾಗಿರುವವರ ನಾಡಿ ಚೌಕಟ್ಟಿನಲ್ಲಿ ನಯವಾಗಿಯೇ ಕಾಣಲಿ. ಇದು ಸುಳ್ಳಲ್ಲವೇ ಎಂದು ವೈದ್ಯ ಮಿತ್ರರೇ ಕೇಳಿದ್ದುಂಟು. ಅಳೆಯುತ್ತೇನೆ ಎಂದು ಹೇಳಿಕೊಳ್ಳದ ವಸ್ತುವಿಗೆ ಆ ಪ್ರಶ್ನೆ ಅನ್ವಯಿಸುವುದಿಲ್ಲ.

ಕಾಗದಪತ್ರ ಮತ್ತು ಹುದ್ದೆ

ಕೃತಿಯನ್ನು ಬರೀ ಪ್ರದರ್ಶಿಸುವುದಾದರೆ ಆಸ್ಪತ್ರೆಯ ಆಡಳಿತದ ಲಿಖಿತ ಅನುಮತಿ ಸಾಕು. ನೋಡಿದವರನ್ನು ಮಾತಾಡಿಸಿ, ಉತ್ತರ ಬರೆದುಕೊಂಡು, ಪ್ರಬಂಧ ಬರೆಯುವುದಾದರೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದೂ ಮೊದಲೇ. ಕೆಲಸ ಮುಗಿದ ಮೇಲೆ ಹೋದರೆ ಸಮಿತಿ ಒಪ್ಪಿಗೆ ಕೊಡುವುದಿಲ್ಲ, ಒಪ್ಪಿಗೆಯಿಲ್ಲದ ಬರಹವನ್ನು ವೈದ್ಯಕೀಯ ಪತ್ರಿಕೆ ತೆಗೆದುಕೊಳ್ಳುವುದಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ವಿನಾಯಿತಿ, ತ್ವರಿತ ಪರಿಶೀಲನೆ, ಪೂರ್ಣ ಸಮಿತಿ ಎಂದು ಮೂರು ದಾರಿಗಳಿವೆ. ಯಾವುದು ಎಂದು ತೀರ್ಮಾನಿಸುವುದು ಸಮಿತಿ, ನಾವಲ್ಲ. ಭಾಗವಹಿಸುವವರು ಸಹಿ ಮಾಡುವ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಬೆಳಗಾವಿಯಾದರೆ ಮರಾಠಿಯಲ್ಲೂ, ವಿಜಯಪುರವಾದರೆ ಉರ್ದುವಿನಲ್ಲೂ. ಓದು ಬಾರದವರ ಹೆಬ್ಬೆಟ್ಟಿನ ಪಕ್ಕ ನಮ್ಮ ತಂಡಕ್ಕೆ ಸೇರದ ಸಾಕ್ಷಿಯ ಸಹಿ ಬೇಕು. "ಇದರಿಂದ ರೋಗಿಗಳ ಆತಂಕ ಇಳಿಯುತ್ತದೆ" ಎಂದು ಸಾಧಿಸಲು ಹೊರಟರೆ ಅದು ಪ್ರಯೋಗ. ಹೋಲಿಕೆಯ ಗುಂಪು ಬೇಕು, ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿ ಬೇಕು. 2018ರ ಏಪ್ರಿಲ್‌ನಿಂದ ಅಲ್ಲಿ ಮೊದಲ ವ್ಯಕ್ತಿ ಸೇರುವ ಮುನ್ನವೇ ನೋಂದಾಯಿಸಬೇಕು. ಮೊದಲ ಕೃತಿಗೇ ಆ ಗೋಜಿಗೆ ಹೋಗಬೇಡಿ.

ವೈದ್ಯಕೀಯ ಕಾಲೇಜಿನಲ್ಲಿ ಜೊತೆಗಾರರನ್ನು ಹುಡುಕುವವರು ನೇರ ಹೃದ್ರೋಗ ತಜ್ಞರ ಬಾಗಿಲಿಗೆ ಹೋಗುತ್ತಾರೆ. ಅವರಿಗೆ ಪುರುಸೊತ್ತಿರುವುದಿಲ್ಲ. ಶರೀರಕ್ರಿಯಾಶಾಸ್ತ್ರ ವಿಭಾಗಕ್ಕೆ ಹೋಗಿ. ವಿದ್ಯಾರ್ಥಿಗಳಿಗೆ ಇಸಿಜಿ ಕಲಿಸುವ ಯಂತ್ರ ಅಲ್ಲೇ ಇರುತ್ತದೆ, ನಿಮ್ಮ ಸಂವೇದಕದ ಅಂತರಗಳನ್ನು ಅದರ ಪಕ್ಕ ಇಟ್ಟು ಹೋಲಿಸಬಹುದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇರುವ ಬೆಳಗಾವಿಯಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುವ ವಿದ್ಯಾರ್ಥಿಗಳಿಗೆ ಬರವಿಲ್ಲ. ಆದರೆ ಪರೀಕ್ಷೆ ಮುಗಿದ ಮರುದಿನ ಅವರು ಇರುವುದಿಲ್ಲ. ಪ್ರೋಗ್ರಾಂನ ಪ್ರತಿ ಸಾಲಿಗೂ ಕನ್ನಡದಲ್ಲಿ ಟಿಪ್ಪಣಿ, ತಂತಿಗಳ ಬಣ್ಣದ ನಕ್ಷೆ, ಪಾಸ್‌ವರ್ಡ್, ಇವನ್ನು ಆಂತರಿಕ ಅಂಕಗಳಿಗೆ ಮುಂಚೆ ಕೈಗೆ ತೆಗೆದುಕೊಳ್ಳಿ.

ಕಲಾ ವಿಭಾಗದಲ್ಲಿ ಇದು ಚಿತ್ರವೋ ಶಿಲ್ಪವೋ ಎಂದು ಕೇಳುತ್ತಾರೆ, ಎಂಜಿನಿಯರಿಂಗ್‌ನಲ್ಲಿ ಹೊಸ ಸರ್ಕ್ಯೂಟ್ ಎಲ್ಲಿ ಎಂದು, ವೈದ್ಯಕೀಯದಲ್ಲಿ ಫಲಿತಾಂಶ ಏನು ಎಂದು. ಮೂವರಿಗೂ ಒಂದೇ ಉತ್ತರ ಕೊಡಲು ಹೋದರೆ ಮೂವರಿಗೂ ಅರ್ಥವಾಗುವುದಿಲ್ಲ. ಪ್ರತಿ ಕೃತಿಗೂ ಮೂರು ಒಂದೊಂದು ಪುಟದ ಬರಹ ಇಡುತ್ತೇನೆ: ಬಟ್ಟೆ ಮತ್ತು ಬಣ್ಣದ ಕುರಿತು, ಸರ್ಕ್ಯೂಟ್ ಕುರಿತು, ಬಳಸಿದವರ ಸುರಕ್ಷತೆಯ ಕುರಿತು. ಯುಜಿಸಿಯ 2018ರ ನಿಯಮಗಳಲ್ಲಿ ಕಾಲೇಜು ಅಧ್ಯಾಪಕರ ಹುದ್ದೆಗೆ ದೃಶ್ಯಕಲೆಯ ವೃತ್ತಿನಿರತರಿಗೆ ಪ್ರತ್ಯೇಕ ಅರ್ಹತೆಯ ದಾರಿ ಇದೆ, ಅಲ್ಲಿ ಕೇಳುವುದು ಪ್ರದರ್ಶನಗಳ ಪುರಾವೆ. ಆದ್ದರಿಂದ ಆಹ್ವಾನಪತ್ರ, ದಿನಾಂಕವಿರುವ ಫೋಟೊ, ಕ್ಯಾಟಲಾಗ್, ಆಸ್ಪತ್ರೆಯ ಪತ್ರ ಯಾವುದನ್ನೂ ಬಿಸಾಡಬೇಡಿ. ಫೋಟೊ ತೆಗೆಯುವಾಗ ಶಟರ್ ವೇಗ ಸೆಕೆಂಡಿನ 1/50ಕ್ಕಿಂತ ಹೆಚ್ಚಿಸಬೇಡಿ, ಎಲ್‌ಇಡಿ ಮಿನುಗಿ ಪಟ್ಟೆ ಬೀಳುತ್ತದೆ. ಹಣಕ್ಕೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಕರ್ನಾಟಕ ಲಲಿತಕಲಾ ಅಕಾಡೆಮಿಯಂಥ ಕಡೆ ಅರ್ಜಿ ಹಾಕಬಹುದು. ಬಜೆಟ್‌ನಲ್ಲಿ ನೇಕಾರರ ಕೂಲಿಯನ್ನು ಸಾಮಗ್ರಿಯ ಸಾಲಿನಲ್ಲಿ ಸೇರಿಸದೆ ಕಲಾವಿದರ ಗೌರವಧನದ ಸಾಲಿನಲ್ಲಿ ತೋರಿಸಿ. ಚೌಕಟ್ಟಿನ ಕೆಳಗಿನ ಫಲಕದಲ್ಲಿ ನೇಯ್ದವರ ಹೆಸರು ಮೊದಲು, ಊರಿನ ಸಮೇತ.

ಆಸ್ಪತ್ರೆಗೆ ಒಪ್ಪಿಸುವಾಗ ಕೃತಿಯ ಜೊತೆ ಒಂದು ಡಬ್ಬಿ ಹೋಗಬೇಕು: ಪರೀಕ್ಷಿಸಿದ ಎರಡು ಸಂವೇದಕ, ಪ್ರೋಗ್ರಾಂ ತುಂಬಿದ ಒಂದು ಇಎಸ್‌ಪಿ32, ನಾಲ್ಕು ಫ್ಯೂಸ್, ಒಂದು ಸ್ಕ್ರೂಡ್ರೈವರ್. ಸ್ವಿಚ್ಚಿನ ಪಕ್ಕ ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಅಂಟಿಸಿ: ಬೆಳಗ್ಗೆ ಹಚ್ಚುವುದು, ಸಂಜೆ ಆರಿಸುವುದು, ಗೂಡನ್ನು ಯಾವುದರಿಂದ ಒರೆಸುವುದು, ಕೆಟ್ಟರೆ ಯಾರಿಗೆ ಫೋನ್ ಮಾಡುವುದು. ಇದನ್ನು ಓದಿ ನಡೆಸುವವರು ಅಧೀಕ್ಷಕರಲ್ಲ, ಆ ಮಹಡಿಯ ಆಯಾ ಮತ್ತು ಕಾವಲುಗಾರರು. ಹಾಗಾಗಿ ಅಂಟಿಸುವ ಮುನ್ನ ಅವರಿಂದಲೇ ಒಮ್ಮೆ ಓದಿಸಿ ನೋಡಿ.